ಸೊನ್ನೆ ನೋಡಲು ಹೋದವರು

ಮಕ್ಕಳೇ, ಈ ವಾರ ಓದುವ ಮೊದಲು ನಿಮ್ಮ ಅಜ್ಜನನ್ನೋ ಅಜ್ಜಿಯನ್ನೋ ಪಕ್ಕಕ್ಕೆ ಕೂರಿಸಿಕೊಳ್ಳಿ. ಇದರಲ್ಲಿ ಅವರ ಪಾಲೂ ಇದೆ.

ನಮ್ಮೂರು ಹುಲಿಗಿ ಎಂದು ನಿಮಗೆ ಗೊತ್ತು. ಕೊಪ್ಪಳ ಜಿಲ್ಲೆ, ತುಂಗಭದ್ರೆಯ ದಂಡೆ, ಹುಲಿಗೆಮ್ಮನ ಗುಡಿ. ಮಂಗಳವಾರ, ಶುಕ್ರವಾರ ಮಂದಿ ಬರುತ್ತಾರೆ. ಹುಣ್ಣಿಮೆಗಂತೂ ಮುನಿರಾಬಾದ್ ಸ್ಟೇಷನ್ನಿನಿಂದ ಗುಡಿಯ ತನಕ ರಸ್ತೆ ಕಾಣುವುದಿಲ್ಲ, ಬರೀ ತಲೆಗಳೇ. ಹಾಗೆ ಬಂದವರಲ್ಲಿ ನಮ್ಮ ಬೀಗರು, ಬೀಗರ ಬೀಗರು, ಅವರ ಓಣಿಯವರು ಎಲ್ಲ ಇರುತ್ತಾರೆ. ದೇವಿಯ ದರ್ಶನ ಮುಗಿಸಿ ಸೀದಾ ನಮ್ಮ ಮನೆಗೆ ಬರುತ್ತಾರೆ. ಮದುವೆಯಾಗಿ ಈ ಊರಿಗೆ ಬಂದು ನಲವತ್ನಾಲ್ಕು ವರ್ಷ. ಹುಣ್ಣಿಮೆ ಎಂದರೆ ನನಗೆ ಚಂದ್ರನ ನೆನಪು ಬರುವುದಿಲ್ಲ, ಜೋಳದ ಹಿಟ್ಟಿನ ಡಬ್ಬಿಯ ನೆನಪು ಬರುತ್ತದೆ.

ನಮ್ಮನೆಯವರು ಡ್ಯಾಂನಲ್ಲಿ ಕೆಲಸ ಮಾಡಿದವರು. ಬೆಳಗಾದರೆ ಸೈಕಲ್ ತುಳಿದುಕೊಂಡು ಹೋಗಿ ನೀರಿನ ಮಟ್ಟ ಎಷ್ಟಿದೆ ಎಂದು ನೋಡಿ ಪುಸ್ತಕದಲ್ಲಿ ಬರೆಯುವುದು. ತುಂಗಭದ್ರಾ ಜಲಾಶಯ ತುಂಬಿದರೆ 1633 ಅಡಿ. ಇದು ನಮ್ಮ ಕಡೆ ಚಿಕ್ಕ ಹುಡುಗರಿಗೂ ಗೊತ್ತಿರುವ ಲೆಕ್ಕ. ಆದರೆ ನೀರು 1633 ಅಡಿ ಆಳ ಇದೆ ಎಂದು ತಿಳಿಯಬೇಡಿ, ಅಷ್ಟು ಆಳದ ಕೆರೆಯನ್ನು ಯಾರು ಕಟ್ಟಿಯಾರು? ಸಮುದ್ರದ ಮಟ್ಟವನ್ನು ಸೊನ್ನೆ ಎಂದು ಹಿಡಿದು ಅಲ್ಲಿಂದ ಎಣಿಸಿದರೆ ನಮ್ಮ ಜಲಾಶಯದ ನೀರು ಅಷ್ಟು ಎತ್ತರದಲ್ಲಿದೆ ಎಂದು ಅರ್ಥ. ಮೂವತ್ತಕ್ಕೂ ಹೆಚ್ಚು ವರ್ಷ ಈ ಲೆಕ್ಕ ಬರೆದವರು ಒಮ್ಮೆಯೂ ಸಮುದ್ರ ನೋಡಿರಲಿಲ್ಲ. ‘ಒಂದ್ಸಲ ಆ ಸೊನ್ನಿ ನೋಡಬೇಕು’ ಎನ್ನುತ್ತಿದ್ದರು. ನಾನು ರೊಟ್ಟಿ ತಟ್ಟುತ್ತಾ ‘ನೋಡಿದರಾತು’ ಎನ್ನುತ್ತಿದ್ದೆ.

ಎರಡು ವರ್ಷದ ಹಿಂದೆ ಅವರ ಎದೆಗೆ ಸ್ಟೆಂಟ್ ಹಾಕಿದರು. 2024ರ ಆಗಸ್ಟ್‌ನಲ್ಲಿ ಡ್ಯಾಂನ 19ನೇ ಗೇಟು ಚೈನು ತುಂಡಾಗಿ ಕೊಚ್ಚಿಹೋಯಿತಲ್ಲ, ಆ ವಾರ ಅವರು ಮಲಗಲೇ ಇಲ್ಲ. ನಿವೃತ್ತಿಯಾಗಿ ಹತ್ತು ವರ್ಷ ಆಗಿದೆ, ಯಾರೂ ಕರೆದಿಲ್ಲ, ಆದರೂ ಅಂಗಳದಲ್ಲಿ ಆಚೆ ಈಚೆ ತಿರುಗುವುದು, ಫೋನು ನೋಡುವುದು, ಮತ್ತೆ ತಿರುಗುವುದು. ಬೇರೆ ಗೇಟಿನ ತುಂಡುಗಳನ್ನು ಇಳಿಸಿ ನೀರು ನಿಲ್ಲಿಸಿದರು ಎಂಬ ಸುದ್ದಿ ಬಂದ ರಾತ್ರಿ ಗೊರಕೆ ಹೊಡೆದರು. ನಾನು ಮಾತ್ರ ಎದ್ದು ಕುಳಿತು ಆ ಗೊರಕೆಯನ್ನೇ ಎಣಿಸುತ್ತಿದ್ದೆ. ಆ ರಾತ್ರಿಯೇ ಕಾಶಿಗೆ ಹೋಗುವ ಹರಕೆ ಹೊತ್ತೆ.

ಡಾಕ್ಟರು ‘ಹೋಗಿ ಬರ್ರಿ, ಆದರ ಒಂದೇ ಸವನ ಓಡಬ್ಯಾಡ್ರಿ. ನಡುವ ಎಲ್ಯಾರ ನಾಕೈದು ದಿನ ಸುಮ್ಮನ ಕುಂದರ್ರಿ’ ಎಂದರು. ಬೆಂಗಳೂರಿನ ಮೊಮ್ಮಗಳು, ಆರನೇ ಕ್ಲಾಸು, ಭೂಪಟ ಬಿಚ್ಚಿದಳು. ಚೆನ್ನೈ ಮೇಲೆ ಒಂದು ಬೆರಳು, ಕೋಲ್ಕತ್ತದ ಮೇಲೆ ಒಂದು ಬೆರಳು. ‘ಅಜ್ಜ, ದಾರೀಲೇ ಅಂಡಮಾನ್ ಇದೆ ನೋಡು, ಅಲ್ಲೇ ಕೂತ್ಕೋ!’

ದಾರಿಯಲ್ಲೇನೂ ಇಲ್ಲ. ನೀವೂ ಭೂಪಟ ತೆಗೆದು ನೋಡಿ. ಚೆನ್ನೈನಿಂದ ಸಮುದ್ರದೊಳಕ್ಕೆ ಸುಮಾರು 1,350 ಕಿಲೋಮೀಟರು, ಅಲ್ಲಿಂದ ಕೋಲ್ಕತ್ತಕ್ಕೆ ಮತ್ತೆ ಹೆಚ್ಚುಕಡಿಮೆ ಅಷ್ಟೇ. ಹುಲಿಗಿಯಿಂದ ಕೊಪ್ಪಳಕ್ಕೆ ಹೋಗುವವರು ಬಳ್ಳಾರಿ ಸುತ್ತಿ ಹೋದ ಹಾಗೆ. ಆದರೆ ಅಜ್ಜ ಆಗಲೇ ಸೊನ್ನೆಯ ಕನಸಿನಲ್ಲಿದ್ದರು. ಅದೂ ಅಲ್ಲದೆ ನಮ್ಮ ಪಕ್ಕದಲ್ಲೇ ಆನೆಗೊಂದಿ, ಅಂಜನಾದ್ರಿ, ಹನುಮಂತ ಹುಟ್ಟಿದ ಬೆಟ್ಟ. ಮಲಯ ಭಾಷೆಯವರು ಹನುಮಂತನಿಗೆ ‘ಹಂಡುಮಾನ್’ ಎನ್ನುತ್ತಿದ್ದರೆಂದೂ ಅದರಿಂದಲೇ ಅಂಡಮಾನ್ ಎಂಬ ಹೆಸರು ಬಂತೆಂದೂ ಹೇಳುವುದುಂಟು. ‘ನಮ್ಮ ಹನುಮಪ್ಪನ ಊರ ಅದು, ಬೀಗರೂರಿಗೆ ಹ್ವಾದಂಗ’ ಎಂದರು. ಈ ಮಾತಿಗೆ ಎದುರು ಮಾತು ನನಗೆ ಹೊಳೆಯಲಿಲ್ಲ.

ಮುನಿರಾಬಾದಿನಿಂದ ಹೊಸಪೇಟೆ, ಅಲ್ಲಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರು, ಆಮೇಲೆ ಚೆನ್ನೈ, ಅಲ್ಲಿಂದ ವಿಮಾನ. ಕಟ್ಟಿಕೊಂಡದ್ದು ಕಟಕ ರೊಟ್ಟಿ ಐವತ್ತು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಒಂದು ಡಬ್ಬಿ ಉಂಡಿ. ಚೆನ್ನೈಯಲ್ಲಿ ಬ್ಯಾಗು ನೋಡಿದ ಹುಡುಗ ರೊಟ್ಟಿಯನ್ನು ತಟ್ಟಿ ನೋಡಿ ‘ಇದೇನು?’ ಎಂದ. ಊಟ ಎಂದೆ. ನಂಬಲಿಲ್ಲ, ಒಂದು ಮುರಿದು ಕೊಟ್ಟೆ, ಬಿಟ್ಟ.

ವಿಮಾನ ಇಳಿದ ಊರು ಪೋರ್ಟ್ ಬ್ಲೇರ್. 2024ರ ಸೆಪ್ಟೆಂಬರ್‌ನಿಂದ ಅದಕ್ಕೆ ಶ್ರೀ ವಿಜಯಪುರಂ ಎಂದು ಹೆಸರು. ಸೆಲ್ಯುಲರ್ ಜೈಲನ್ನು ಒಂದು ಸಂಜೆ ನೋಡಿದೆವು. ಅದರ ವಿಷಯ ಬೇರೆಯೇ ಬರೆಯಬೇಕು, ಅವಸರದಲ್ಲಿ ಹೇಳುವಂಥದ್ದಲ್ಲ. ಮರುದಿನ ಹಡಗು ಹತ್ತಿ ನಲವತ್ತು ಕಿಲೋಮೀಟರಿನೊಳಗಿರುವ ಪುಟ್ಟ ದ್ವೀಪಕ್ಕೆ ಹೋದೆವು. ಇಂಗ್ಲಿಷರ ಕಾಲದ ಹೆಸರು ನೀಲ್. 1857ರ ಹೋರಾಟವನ್ನು ತುಳಿದ ಒಬ್ಬ ಸೇನಾಧಿಕಾರಿಯ ಹೆಸರದು. 1943ರಲ್ಲಿ ಅಂಡಮಾನಿಗೆ ಬಂದ ನೇತಾಜಿ ಸುಭಾಷರು ಈ ದ್ವೀಪಗಳಿಗೆ ಶಹೀದ್, ಸ್ವರಾಜ್ ಎಂಬ ಹೆಸರು ಸೂಚಿಸಿದ್ದರು. 2018ರಲ್ಲಿ ನೀಲ್‌ಗೆ ಶಹೀದ್ ದ್ವೀಪ ಎಂದು, ಪಕ್ಕದ ಹ್ಯಾವ್‌ಲಾಕ್‌ಗೆ ಸ್ವರಾಜ್ ದ್ವೀಪ ಎಂದು ಹೆಸರಾಯಿತು. ಅಂಡಮಾನ್ ನಿಕೋಬಾರ್‌ನಲ್ಲಿ ಐನೂರಕ್ಕೂ ಹೆಚ್ಚು ದ್ವೀಪಗಳಿವೆ. ಜನ ಇರುವುದು ನಲವತ್ತಕ್ಕಿಂತ ಕಡಿಮೆ ದ್ವೀಪಗಳಲ್ಲಿ.

ಹಡಗಿನಿಂದಿಳಿದು ಊರಿನ ಹೆಸರು ಕೇಳಿದರೆ ನಮಗೆ ನಗು ಬಂತು. ಭರತ್‌ಪುರ, ಲಕ್ಷ್ಮಣಪುರ, ಸೀತಾಪುರ, ರಾಮನಗರ! ಕಿಷ್ಕಿಂಧೆಯಿಂದ ಹೊರಟವರು ನೇರ ಅಯೋಧ್ಯೆಯ ಮನೆಯೊಳಗೇ ಬಂದಂತಾಯಿತು.

ನಾವು ಉಳಿದದ್ದು ಒಂದು ಬಂಗಾಳಿ ಮನೆಯಲ್ಲಿ. ಹಿತ್ತಿಲಲ್ಲಿ ಬಾಡಿಗೆಗೆ ಎರಡು ಕೋಣೆ, ಸುತ್ತ ಅಡಿಕೆ, ತೆಂಗು, ಬಾಳೆ, ಬದನೆಯ ಮಡಿ. ಅಂಡಮಾನಿಗೆ ಈ ದ್ವೀಪದಿಂದ ತರಕಾರಿ ಹೋಗುತ್ತದೆ. ನೂರು ಹೆಜ್ಜೆ ನಡೆದರೆ ಸಮುದ್ರ. ಮನೆಯ ಹುಡುಗನಿಗೆ ಎಂಟು ವರ್ಷ. ನಮ್ಮವರಿಗೆ ‘ದಾದು’, ನನಗೆ ‘ದಿದಾ’ ಎಂದು ಮೊದಲ ದಿನವೇ ಹೆಸರಿಟ್ಟ. ಅವನ ತಂದೆ ತಾಯಿ ಹಿಂದಿ ಮಾತಾಡುತ್ತಿದ್ದರು. ನಿಜಾಮರ ಸೀಮೆಯಲ್ಲಿ ಬೆಳೆದ ನಮ್ಮವರ ಹಿಂದಿ ಅವರಿಗೆ ತಮಾಷೆ, ಅವರ ಹಿಂದಿ ನಮಗೆ ತಮಾಷೆ. ಹೇಗೋ ನಡೆಯಿತು.

ಈಗ ವಿಶ್ರಾಂತಿಯ ವಿಷಯಕ್ಕೆ ಬರುತ್ತೇನೆ.

ಮೊದಲ ದಿನ ನಸುಕಿನಲ್ಲಿ ಎಚ್ಚರವಾಯಿತು. ಐದೂವರೆಗೆಲ್ಲ ಸೂರ್ಯ ಮೇಲೆ ಬಂದಿದ್ದ. ಗಡಬಡಿಸಿ ಎದ್ದೆ, ತಡವಾಯಿತೆಂದು. ಯಾವುದಕ್ಕೆ ತಡ? ನೀರು ತುಂಬುವುದಿಲ್ಲ, ಒಲೆ ಹಚ್ಚುವುದಿಲ್ಲ. ಕಸಬರಿಗೆ ಹುಡುಕಿ ಅವರ ಅಂಗಳ ಗುಡಿಸಿದೆ. ಮನೆಯೊಡತಿ ಎದ್ದು ಬಂದು ಕಸಬರಿಗೆ ಕಸಿದುಕೊಂಡಳು. ಅಡುಗೆಮನೆಗೆ ಹೋದೆ, ಅಲ್ಲಿಂದಲೂ ಕೈ ಹಿಡಿದು ಹೊರಗೆ ಕೂರಿಸಿದಳು. ಹನ್ನೊಂದು ಗಂಟೆಯ ತನಕ ಹೇಗೆ ಕಳೆದೆನೋ ದೇವರಿಗೇ ಗೊತ್ತು. ಇವರು ಒಂದು ಕುರ್ಚಿಯಲ್ಲಿ, ನಾನು ಒಂದು ಕುರ್ಚಿಯಲ್ಲಿ. ಏನು ಮಾತಾಡುವುದು? ನಲವತ್ನಾಲ್ಕು ವರ್ಷ ನಾವು ಆಡಿದ್ದೆಲ್ಲ ‘ಉಪ್ಪು ಮುಗದೈತಿ’, ‘ಯಾರೋ ಬಂದಾರ ನೋಡು’, ‘ಗುಳಗಿ ನುಂಗಿದ್ರಿಲ್ಲ?’ ಇಷ್ಟೇ. ಉಪ್ಪು ಸುತ್ತಲೂ ಬೇಕಾದಷ್ಟಿತ್ತು, ಯಾರೂ ಬರುವವರಿರಲಿಲ್ಲ. ಗುಳಿಗೆ ನುಂಗಿದ್ದರು.

ಸಂಜೆ ಐದಕ್ಕೆ ಸೂರ್ಯ ಮುಳುಗಿಬಿಟ್ಟ. ಗಡಿಯಾರ ಕೆಟ್ಟಿತೇ ಎಂದುಕೊಂಡೆ. ಮಕ್ಕಳೇ, ಇದರ ಲೆಕ್ಕ ಸುಲಭ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಹುಲಿಗಿ ಇರುವುದು 76 ಡಿಗ್ರಿ ಪೂರ್ವ ರೇಖಾಂಶದ ಆಚೆಗೆ, ಈ ದ್ವೀಪ ಇರುವುದು 93ರ ಹತ್ತಿರ. ಹದಿನಾರೂವರೆ ಡಿಗ್ರಿಗೂ ಮೇಲಾಯಿತು. ನಾಲ್ಕರಿಂದ ಗುಣಿಸಿ, ಒಂದು ಗಂಟೆಯ ಮೇಲೆ ಐದಾರು ನಿಮಿಷ. ದೇಶಕ್ಕೆಲ್ಲ ಒಂದೇ ಗಡಿಯಾರ, ಸೂರ್ಯನಿಗೆ ಅದು ಗೊತ್ತಿಲ್ಲ. ನಮ್ಮೂರಲ್ಲಿ ಇನ್ನೂ ಹಗಲಿರುವಾಗ ಇಲ್ಲಿ ದೀಪ ಹಚ್ಚುತ್ತಾರೆ.

ಅಜ್ಜನಿಗೆ ಮಾತ್ರ ಕೆಲಸ ಸಿಕ್ಕಿತು. ಬಂದ ದಿನ ಮಧ್ಯಾಹ್ನ ಸಮುದ್ರ ನೋಡಿ ಕೈ ಮುಗಿದು, ಒಂದು ಕೋಲು ತಂದು ನೀರಿನ ಅಂಚಿಗೆ ನೆಟ್ಟರು. ‘ಇದ ಸೊನ್ನಿ’ ಎಂದರು. ಚಹಾ ಕುಡಿದು ಬರುವಷ್ಟರಲ್ಲಿ ನೀರು ಕೋಲಿನ ಮೊಣಕಾಲಿಗೆ ಬಂದಿತ್ತು. ಕತ್ತಲಾಗುವ ಹೊತ್ತಿಗೆ ಕೋಲೇ ಇರಲಿಲ್ಲ. ಹುಡುಗ ಹೊಟ್ಟೆ ಹಿಡಿದುಕೊಂಡು ನಕ್ಕ. ‘ದಾದು, ನೀರು ದಿನಾ ಎರಡು ಸಲ ಬರುತ್ತೆ, ಎರಡು ಸಲ ಹೋಗುತ್ತೆ, ಗೊತ್ತಿಲ್ವಾ?’ ಪುಸ್ತಕದಲ್ಲಿ ಓದಿ ಗೊತ್ತಿತ್ತು. ಆದರೆ ನಮ್ಮ ಡ್ಯಾಂನಲ್ಲಿ ನೀರು ಏರುವುದು ಮಳೆಗಾಲಕ್ಕೊಮ್ಮೆ, ಇಳಿಯುವುದು ಬೇಸಿಗೆಗೊಮ್ಮೆ. ಅದಕ್ಕೂ ಮೂವತ್ಮೂರು ಗೇಟು, ನಾಲ್ಕಾರು ಆಫೀಸು, ಮೂರು ರಾಜ್ಯದ ಜಗಳ ಬೇಕು. ಇಲ್ಲಿ ಗೇಟಿಲ್ಲ, ಆರ್ಡರಿಲ್ಲ, ದಿನಕ್ಕೆರಡು ಸಲ ತುಂಬಿ ಖಾಲಿಯಾಗುತ್ತದೆ ಎಂದರೆ ಅವರಿಗೆ ಹೇಗಾಗಿರಬೇಡ!

ಮರುದಿನ ಹುಡುಗನೂ ಅವರೂ ಸೇರಿ ದೋಣಿ ಕಟ್ಟುವ ಗೂಟಕ್ಕೆ ಒಂದು ಬಿದಿರು ಬಿಗಿದರು. ಗೇಣು ಗೇಣಿಗೆ ಗೀಟು. ನೋಟ್‌ಬುಕ್ಕಿನಲ್ಲಿ ತಾರೀಖು, ಗಂಟೆ, ಗೇಣು. ಗುರುವಾರ ನೀರು ಪೂರ್ತಿ ಇಳಿದದ್ದು ಮಧ್ಯಾಹ್ನ ಒಂದರ ಸುಮಾರಿಗೆ. ಶುಕ್ರವಾರ ಅದಕ್ಕಿಂತ ತಡ, ಶನಿವಾರ ಇನ್ನೂ ತಡ, ಭಾನುವಾರ ಮೂರರ ಮೇಲೆ. ಸಮುದ್ರವನ್ನು ಎಳೆಯುವುದು ಚಂದ್ರ. ಅವನು ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗಿ ಬರುವವನು, ಅವನ ಹಿಂದೆ ನೀರೂ ತಡ. ನೋಡನೋಡುತ್ತ ಏರುವುದೂ ಹೆಚ್ಚಾಯಿತು, ಇಳಿಯುವುದೂ ಹೆಚ್ಚಾಯಿತು, ಹುಣ್ಣಿಮೆ ಹತ್ತಿರ ಬರುತ್ತಿತ್ತು. ಹುಣ್ಣಿಮೆ, ಅಮಾವಾಸ್ಯೆಗೆ ಸೂರ್ಯ ಚಂದ್ರ ಇಬ್ಬರೂ ಒಂದೇ ಗೆರೆಯಲ್ಲಿ ನಿಂತು ಕೂಡಿ ಎಳೆಯುತ್ತಾರಲ್ಲ, ಅದಕ್ಕೆ.

‘ಹಂಗಾದರ ಸೊನ್ನಿ ಎಲ್ಲೈತಿ?’ ಎಂದು ಕೇಳಿದೆ. ನಾನು ಕೇಳಿದ್ದಕ್ಕೇ ಅವರಿಗೆ ಆಶ್ಚರ್ಯ. ಮರಳಿನಲ್ಲಿ ಗೆರೆ ಎಳೆದು ತೋರಿಸಿದರು. ನೀರು ಏರಿದ್ದು, ಇಳಿದದ್ದು ಎಲ್ಲ ವರ್ಷಗಟ್ಟಲೆ ಬರೆದಿಟ್ಟು, ಕೂಡಿಸಿ ಭಾಗಿಸಿ ತೆಗೆದ ಸರಾಸರಿಯೇ ಸೊನ್ನೆ. ಇಂಗ್ಲಿಷರ ಕಾಲದಲ್ಲಿ ಹಲವು ಬಂದರುಗಳಲ್ಲಿ ಹೀಗೆ ಅಳೆದರು, ನಮ್ಮ ಕಾರವಾರವೂ ಅದರಲ್ಲೊಂದು. ‘ಅಂದರ ನನ್ನಂಥಾವನ ಒಬ್ಬ ಅಲ್ಲೂ ಕುಂತು ಬರದಿದ್ದ’ ಎಂದು ಬಹಳ ಹೊತ್ತು ನಗುತ್ತಿದ್ದರು.

ನನಗೂ ಒಂದು ಕೆಲಸ ಸಿಕ್ಕಿತು ಎನ್ನಬೇಕು. ನೀರು ಇಳಿದ ಮೇಲೆ ಒದ್ದೆ ಮರಳಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಯಾರೋ ರಂಗೋಲಿ ಹಾಕಿದ್ದರು. ನಡುವೆ ಒಂದು ತೂತು, ಅಲ್ಲಿಂದ ಸುತ್ತಲೂ ಸಾಲು ಸಾಲಾಗಿ ಸಾಸಿವೆ, ಕಡಲೆ ಗಾತ್ರದ ಮರಳುಂಡೆ. ಬಾಗಿ ನೋಡಿದರೆ ಬೆರಳುಗುರಿಗಿಂತ ಚಿಕ್ಕ ಏಡಿ! ಮರಳನ್ನು ಬಾಯಿಗೆ ಹಾಕಿಕೊಂಡು, ಅದರಲ್ಲಿರುವ ಕಣ್ಣಿಗೆ ಕಾಣದ ಆಹಾರ ಸೋಸಿ ತಿಂದು, ಉಳಿದ ಮರಳನ್ನು ಉಂಡೆ ಮಾಡಿ ಹಿಂದಕ್ಕೆ ತಳ್ಳುತ್ತದೆ. ನೆರಳು ಬಿದ್ದರೆ ಸಾಕು, ತೂತಿನೊಳಗೆ. ನೀರು ಬಂದರೆ ರಂಗೋಲಿ ಅಳಿಸಿಹೋಗುತ್ತದೆ. ನೀರು ಹೋದ ಮೇಲೆ ಮತ್ತೆ ಮೊದಲಿನಿಂದ. ನಾನು ದಿನಾ ಎರಡು ಗಂಟೆ ಅದನ್ನೇ ನೋಡುತ್ತ ಕುಳಿತಿರುತ್ತಿದ್ದೆ. ಅದು ಹಾಕುತ್ತಿತ್ತು, ನಾನು ಸುಮ್ಮನಿದ್ದೆ. ಇನ್ನೊಬ್ಬರು ಕೆಲಸ ಮಾಡುವುದನ್ನು ನೋಡುತ್ತ ಕೂರುವುದು ಎಂಥ ಸುಖ ಎಂದು ಅರವತ್ತಾರನೇ ವಯಸ್ಸಿನಲ್ಲಿ ತಿಳಿಯಿತು.

ಮೊಮ್ಮಗಳು ಶಂಖ ತಾ ಎಂದಿದ್ದಳು. ಒಂದು ಚೆಂದದ ಶಂಖ ಕಂಡಿತು, ಎತ್ತಿಕೊಂಡೆ, ಅಂಗೈಯಲ್ಲಿ ಅದು ನಡೆಯತೊಡಗಿತು! ಒಳಗೆ ಸನ್ಯಾಸಿ ಏಡಿ. ಅದರ ಬೆನ್ನಿಗೆ ಸ್ವಂತ ಚಿಪ್ಪಿಲ್ಲ, ಸತ್ತ ಶಂಖದ ಹುಳುವಿನ ಖಾಲಿ ಮನೆಯಲ್ಲಿ ಸೇರಿಕೊಳ್ಳುತ್ತದೆ, ಬೆಳೆದ ಹಾಗೆ ದೊಡ್ಡ ಮನೆ ಹುಡುಕುತ್ತದೆ. ಖಾಲಿ ಶಂಖಗಳನ್ನೆಲ್ಲ ನಾವು ಚೀಲಕ್ಕೆ ತುಂಬಿದರೆ ಅವುಗಳಿಗೆ ಬಾಡಿಗೆ ಮನೆಯೂ ಇಲ್ಲ. ಹವಳವನ್ನಂತೂ, ಸತ್ತದ್ದಾದರೂ, ಮುರಿದು ತರುವುದು ಕಾನೂನಿನ ಪ್ರಕಾರ ಅಪರಾಧ. ಶಂಖವನ್ನು ಕೆಳಗಿಟ್ಟೆ. ಮೊಮ್ಮಗಳಿಗೆ ಏನು ಹೇಳುವುದು ಎಂಬ ಚಿಂತೆ ಉಳಿಯಿತು.

ಭಾನುವಾರ, ಡಿಸೆಂಬರ್ 15, ಹೊಸ್ತಿಲ ಹುಣ್ಣಿಮೆ. ಬೆಳಗಿನಿಂದಲೇ ನನಗೆ ಕೈ ಕಾಲು ಆಡುತ್ತಿರಲಿಲ್ಲ. ಹತ್ತಕ್ಕೆ ಫೋನು ಬಂತು, ಕುಷ್ಟಗಿ ಕಡೆಯ ನಾದಿನಿ.

‘ವೈನೀ, ಮನಿಗೆ ಕೀಲಿ ಹಾಕೈತಲ್ಲ! ನಾವು ಹನ್ನೆರಡು ಮಂದಿ ಬಾಗಿಲದಾಗ ನಿಂತೀವಿ. ಎಲ್ಲದೀರಿ?’

‘ಅಂಡಮಾನ್‌ದಾಗ ಅದೀವಿ.’

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ದನಿ ತಗ್ಗಿಸಿ, ‘ಅಣ್ಣ ಏನ ತಪ್ಪು ಮಾಡ್ಯಾನ?’

ಕರಿನೀರಿನ ಶಿಕ್ಷೆ ಎಂದು ಹಿರಿಯರು ಹೇಳುತ್ತಿದ್ದುದು ಆಕೆಗೆ ನೆನಪಾಗಿತ್ತು, ಪಾಪ. ಪಕ್ಕದ ಮನೆಯಲ್ಲಿ ಕೀಲಿಕೈ ಇದೆ, ಹಿಟ್ಟಿನ ಡಬ್ಬಿ ಮೇಲಿನ ಹಲಗೆಯ ಮೇಲಿದೆ, ನೀವೇ ಮಾಡಿಕೊಂಡು ಉಣ್ಣಿರಿ ಎಂದೆ. ಫೋನಿಟ್ಟ ಮೇಲೆ ಅಳು ಬಂತು. ಹನ್ನೆರಡು ಮಂದಿ ಹಸಿದು ಬಂದವರು, ನಾನಿಲ್ಲಿ ಏಡಿ ನೋಡುತ್ತ ಕುಳಿತಿದ್ದೇನೆ. ಇವರು ಏನೂ ಹೇಳಲಿಲ್ಲ. ‘ಬಾ, ನೀರು ಇಳಿಯೂ ಹೊತ್ತಾತು’ ಎಂದರು.

ಲಕ್ಷ್ಮಣಪುರದ ಕಡೆ ಸಮುದ್ರ ಕೊರೆದು ಮಾಡಿದ ದೊಡ್ಡ ಕಲ್ಲಿನ ಕಮಾನಿದೆ. ನೀರು ಇಳಿದಾಗ ಮಾತ್ರ ಅದರ ಬುಡಕ್ಕೆ ಹೋಗಬಹುದು. ಊರಿನವರು ಅದಕ್ಕೆ ಹೌರಾ ಸೇತುವೆ ಎನ್ನುತ್ತಾರೆ. ಬಂಗಾಳ ಬಿಟ್ಟು ಬಂದವರಿಗೆ ಕಲ್ಲಿನಲ್ಲೂ ಕೋಲ್ಕತ್ತವೇ ಕಂಡಿದೆ. ದಾರಿಯೆಲ್ಲ ಹವಳದ ಕಲ್ಲು, ಪಾಚಿ, ನಡುವೆ ಮೊಣಕಾಲುದ್ದದ ನೀರಿನ ಕುಣಿಗಳು. ಒಂದೊಂದು ಕುಣಿಯೂ ಒಂದು ಪೇಟೆ. ಬಣ್ಣದ ಪುಟ್ಟ ಮೀನು, ಹೀರೇಕಾಯಿಯಂತೆ ಮಲಗಿದ ಸಮುದ್ರ ಸೌತೆ, ತುಟಿ ತೆರೆದು ಮುಚ್ಚುವ ಕಪ್ಪೆಚಿಪ್ಪು. ಕಾಲು ಜಾರುತ್ತಿತ್ತು. ಇವರು ಕೈ ಚಾಚಿದರು, ನಾನು ಹಿಡಿದುಕೊಂಡೆ. ಹುಲಿಗಿಯ ಬೀದಿಯಲ್ಲಿ ಹೀಗೆ ನಡೆದರೆ ಮಂದಿ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಅಲ್ಲಿ ಹುಡುಗ ಮಾತ್ರ ಇದ್ದ, ಅವನ ಕಣ್ಣೆಲ್ಲ ಮೀನಿನ ಮೇಲೆ.

ರಾತ್ರಿ ಬೆಳದಿಂಗಳು. ಮನೆಯವರೂ ಬಂದು ದಂಡೆಯಲ್ಲಿ ಕುಳಿತರು. ನನ್ನ ಉಂಡಿ, ಅವರ ತೆಂಗಿನ ನಾಡು. ಹುಡುಗನ ತಂದೆ ತನ್ನ ಅಜ್ಜನ ಕತೆ ಹೇಳಿದ. ಅಜ್ಜನ ಊರು ಬಾರಿಸಾಲ್ ಕಡೆ, ಈಗ ಬಾಂಗ್ಲಾದೇಶ. ದೇಶ ಒಡೆದ ಮೇಲೆ ಊರು ಬಿಟ್ಟರು, ವರ್ಷಗಟ್ಟಲೆ ಶಿಬಿರದಲ್ಲಿದ್ದರು. ಅಂಥವರನ್ನು ಸರ್ಕಾರ 1950, 60ರ ದಶಕಗಳಲ್ಲಿ ಹಡಗಿನಲ್ಲಿ ಈ ದ್ವೀಪಗಳಿಗೆ ತಂದು ಕಾಡು ಕಡಿದು ಜಮೀನು ಕೊಟ್ಟಿತು. ಅಜ್ಜ ಸಾಯುವ ತನಕ ತನ್ನ ಹಳೆಯ ಮನೆಯ ಕೊಳದ ಮೆಟ್ಟಿಲು ಎಷ್ಟು ಎಂದು ಎಣಿಸಿ ಹೇಳುತ್ತಿದ್ದನಂತೆ.

ಅವರು ಮಲಗಲು ಹೋದರು. ನೀರು ಏರುತ್ತಿತ್ತು. ಆಗ ಇವರು ಮಾತಾಡಿದರು.

‘ನಮ್ಮವ್ವನ ಊರೂ ನೀರಾಗ ಐತಿ.’

ಅದು ನನಗೆ ಗೊತ್ತಿತ್ತು. ಡ್ಯಾಂ ಕಟ್ಟಿದಾಗ ತೊಂಬತ್ತರಷ್ಟು ಹಳ್ಳಿಗಳು ಮುಳುಗಿದವು, ಅತ್ತೆಯ ತವರೂ ಅದರಲ್ಲೊಂದು. 1953ರಲ್ಲಿ ನೀರು ನಿಲ್ಲಿಸಿದರು, ಮರುವರ್ಷ ಇವರು ಹುಟ್ಟಿದ್ದು. ಗೊತ್ತಿಲ್ಲದ್ದು ಮುಂದಿನದು.

‘ಬ್ಯಾಸಗ್ಯಾಗ ನೀರು ಭಾಳ ಇಳದಾಗ ಆ ಊರ ಕಟ್ಟಿ ಕಾಣತಿತ್ತು. ವರ್ಷಕ್ಕೊಮ್ಮಿ ಸೈಕಲ್ ಮ್ಯಾಲ ಹೋಗಿ ನೋಡಿ ಬರತಿದ್ದೆ. ಅವ್ವ ಹೇಳಿದ ಗುರುತಿನ ಮ್ಯಾಲ ಮನಿ ಹುಡುಕಿದೆ. ಒರಳ ಇತ್ತು. ಅವ್ವ ಕುಂತು ರುಬ್ಬಿದ್ದ ಒರಳ.’

ದಿನಾ ಬೆಳಗ್ಗೆ ಅವರು ಬರೆಯುತ್ತಿದ್ದ ಆ ಅಡಿಯ ಲೆಕ್ಕ ಏನೆಂದು ನನಗೆ ಆಗ ಹೊಳೆಯಿತು. ನೀರು ಒಂದಡಿ ಏರಿದರೆ ಆ ಒರಳಿನ ಮೇಲೂ ಒಂದಡಿ.

‘ಇಷ್ಟು ವರ್ಷ ಯಾಕ ಹೇಳಲಿಲ್ರಿ?’ ಎಂದೆ.

‘ನೀ ಯಾವಾಗ ಖಾಲಿ ಇದ್ದಿ?’ ಎಂದರು.

ಬೈದದ್ದಲ್ಲ. ಸುಮ್ಮನೆ, ನೀರಿನ ಮಟ್ಟ ಹೇಳುವ ದನಿಯಲ್ಲೇ ಹೇಳಿದರು. ನನಗೆ ಸಿಟ್ಟು ಬಂತು. ಖಾಲಿ ಇರದೆ ನಾನೇನು ಜಾತ್ರೆ ನೋಡುತ್ತಿದ್ದೆನೇ, ನಿಮ್ಮ ಮಂದಿಗೇ ರೊಟ್ಟಿ ಬಡಿಯುತ್ತಿದ್ದೆನಲ್ಲ, ಎಂದು ಬಾಯಿಗೆ ಬಂತು, ನುಂಗಿಕೊಂಡೆ. ಆಮೇಲೆ ನುಂಗದೆ ಹೇಳಿಯೂಬಿಟ್ಟೆ. ಅವರು ‘ಖರೆ ಐತಿ’ ಎಂದರು. ಹೀಗೆ ಮಾತು ಶುರುವಾದದ್ದು ಹತ್ತು ಗಂಟೆಯಾದರೂ ಮುಗಿಯಲಿಲ್ಲ. ನೀರು ಪೂರ್ತಿ ಏರಿ ಮತ್ತೆ ಇಳಿಯತೊಡಗಿತ್ತು. ಆ ರಾತ್ರಿ ಮೊದಲ ಸಲ ನಾನು ಅವರ ಉಸಿರು ಎಣಿಸದೆ ಮಲಗಿದೆ.

ಮರುದಿನ ಹೊರಟೆವು. ಕೋಲ್ಕತ್ತ, ಗಯಾ, ಕಾಶಿ ಎಲ್ಲ ಆಯಿತು. ಹರಕೆ ತೀರಿತು, ಕಾಶಿಯ ಗಲ್ಲಿಗಳಲ್ಲಿ ನನ್ನ ಚಪ್ಪಲಿ ಹೋಯಿತು, ಅದನ್ನು ಇನ್ನೊಂದು ವಾರ ಬರೆಯುತ್ತೇನೆ. ಶಂಖದ ಬದಲು ಮೊಮ್ಮಗಳಿಗೆ ಕೊಟ್ಟದ್ದು ಅಜ್ಜನ ಆ ನೋಟ್‌ಬುಕ್ಕು. ಮೊದಲು ಮುಖ ಊದಿಸಿಕೊಂಡಳು. ಆಮೇಲೆ ಗೇಣಿನ ಲೆಕ್ಕವನ್ನು ಚೌಕುಳಿ ಹಾಳೆಯ ಮೇಲೆ ಚುಕ್ಕಿ ಇಟ್ಟು ಗೆರೆ ಎಳೆದಳು. ಹಾವಿನಂತೆ ಏರಿ ಇಳಿಯುವ ಗೆರೆ ಬಂತು. ಶಾಲೆಗೂ ಒಯ್ದಳು.

ಈ ಬೇಸಿಗೆ ರಜೆಗೆ ಅವಳು ಬಂದಾಗ ಮೂವರೂ ಆಟೋ ಮಾಡಿಕೊಂಡು ಹಿನ್ನೀರಿನ ಕಡೆ ಹೋದೆವು. ನೀರು ದೂರ ಸರಿದಿತ್ತು, ನೆಲ ಬಿರುಕು ಬಿಟ್ಟಿತ್ತು. ಒರಳು ಕಾಣಲಿಲ್ಲ. ಹೂಳು ತುಂಬಿದೆ. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ 105ರ ಆಸುಪಾಸು ಹಿಡಿಯುತ್ತದೆ ಎಂದರೆ ಉಳಿದ ಜಾಗದಲ್ಲೆಲ್ಲ ಮಣ್ಣು. ಇವರು ಎರಡು ಗುಡ್ಡಗಳನ್ನು ಗುರಿಯಿಟ್ಟು ನೋಡಿ, ನಾಲ್ಕು ಹೆಜ್ಜೆ ಎಡಕ್ಕೆ ಸರಿದು, ಕೋಲಿನಿಂದ ತೋರಿಸಿದರು, ಇಲ್ಲಿಯೇ ಇರಬೇಕು ಎಂದು. ಅಲ್ಲೇ ಟವೆಲ್ ಹಾಸಿ ಕುಳಿತು ರೊಟ್ಟಿ ಬಿಚ್ಚಿದೆವು.

ಮೊಮ್ಮಗಳು ದೂರದ ನೀರು ನೋಡುತ್ತ ಕೇಳಿದಳು, ‘ಅಜ್ಜ, ಇಲ್ಲಿ ನೀರು ಏರೋದು ಎಷ್ಟು ಗಂಟೆಗೆ?’

‘ಜುಲೈದಾಗ’ ಎಂದರು ಅಜ್ಜ. ‘ಚಟ್ನಿ ಹಚ್ಚಿಕೋ.’